ಕಂತಿನ ಮೊಣಕಾಲು, ಮಣ್ಣಿನ ರೊಕ್ಕ

ಸೂರ್ಯ ದಿನಕ್ಕೊಮ್ಮೆ ಕಂತುತ್ತಾನೆ. ಮಾನ್ವಿಯ ಶರಣಮ್ಮ ತಿಂಗಳಿಗೊಮ್ಮೆ ಕಂತುತ್ತಿದ್ದಳು. ಐದನೇ ತಾರೀಖು ಬೆಳಗ್ಗೆ ಖಾನಾವಳಿಯಲ್ಲಿ ರೊಟ್ಟಿ ಬಡಿಯುವ ಸಪ್ಪಳದ ನಡುವೆ, ಗೂಟಕ್ಕೆ ತೂಗುಹಾಕಿದ ಕೈಚೀಲದೊಳಗಿನ ಫೋನು ಟುಣ್ ಎನ್ನುವುದು. ಆಕೆ ತಲೆ ಎತ್ತದೆ, "ಹೋತು, ಈ ತಿಂಗಳ ಕಾಲೂ ಹೋತು" ಎನ್ನುವಳು. ಹೊಸದಾಗಿ ಉಣ್ಣಲು ಬಂದವರು ಗಾಬರಿಯಿಂದ ಆಕೆಯ ಕಾಲು ನೋಡುವರು. ನಾವು ಹಳಬರು, ಇನ್ನಷ್ಟು ಚಟ್ನಿ ಕೇಳುವೆವು.

ನಿಜವಾಗಿ ಕಾಲು ಹೋಗಿರಲಿಲ್ಲ, ಬಂದಿತ್ತು. ಮೂವತ್ತು ವರ್ಷ ಒಲೆಯ ಮುಂದೆ ಕೂತು ಸವೆದ ಎಡ ಮೊಣಕಾಲನ್ನು ತೆಗೆದು ರಾಯಚೂರಿನ ಡಾಕ್ಟರೊಬ್ಬರು ಉಕ್ಕಿನದು ಕೂರಿಸಿದ್ದರು. ಸರ್ಕಾರಿ ಕಾರ್ಡಿನ ಸರದಿ ಬರುವವರೆಗೆ ಕಾಯಲು ಮೊಣಕಾಲು ಒಪ್ಪಿರಲಿಲ್ಲ. ಹಾಗಾಗಿ ಅಲ್ಲಿನ ಫೈನಾನ್ಸ್ ಕಂಪನಿಯೊಂದರಲ್ಲಿ ಐದು ವರ್ಷದ ಪರ್ಸನಲ್ ಲೋನ್. ಅದಕ್ಕಿಂತ ಪರ್ಸನಲ್ ಆದ ಲೋನನ್ನು ನಾನು ಕಂಡಿಲ್ಲ, ಚರ್ಮದೊಳಗೇ ಇತ್ತು. ನಮ್ಮ ಮಾನ್ವಿಯಲ್ಲಿ ಮಂಡಿ ಎಂದರೆ ಮೊದಲು ನೆನಪಾಗುವುದು ಅಕ್ಕಿ ವ್ಯಾಪಾರದ ಮಂಡಿ. ಸಾಲವಿಲ್ಲದೆ ಅದೂ ನಡೆಯುವುದಿಲ್ಲ, ಇದೂ ನಡೆಯಲಿಲ್ಲ.

ಎರಡು ವರ್ಷ ಕಂತು ಕಟ್ಟಿದ ಮೇಲೂ ಒಂದು ಲಕ್ಷದ ಮೇಲೆ ಸಾಲ ಉಳಿದಿತ್ತು. ತಮಾಷೆ ಏನೆಂದರೆ, ಆಕೆಯ ಹತ್ತಿರ ಅದಕ್ಕಿಂತ ಹೆಚ್ಚು ರೊಕ್ಕ ಬ್ಯಾಂಕಿನಲ್ಲಿ ಡಿಪಾಜಿಟ್ಟಾಗಿ ಕೂತಿತ್ತು. ಅದನ್ನು ಮುಟ್ಟುವಂತಿರಲಿಲ್ಲ. ಅದು ಮಣ್ಣಿನ ರೊಕ್ಕ.

ನಮ್ಮ ಕಡೆ ಸತ್ತವರ ಮನೆಗೆ ಹೋಗಿ ಬಂದವರು "ಮಣ್ಣಿಗೆ ಹೋಗಿದ್ದೆ" ಎನ್ನುತ್ತಾರೆ. ವಯಸ್ಸಾದ ಹೆಣ್ಣುಮಕ್ಕಳು ತಮ್ಮ ಮಣ್ಣಿನ ಖರ್ಚನ್ನು ತಾವೇ ಕೂಡಿಟ್ಟಿರುತ್ತಾರೆ. ಹಸಿವೆಯಾದರೂ ಅದನ್ನು ಒಡೆಯುವುದಿಲ್ಲ, ಜ್ವರ ಬಂದರೂ ಒಡೆಯುವುದಿಲ್ಲ. ಬದುಕಿಗೆ ಸಾಲ, ಸಾವಿಗೆ ಕ್ಯಾಶ್.

ಶರಣಮ್ಮನ ಮಟ್ಟಿಗೆ ಇದು ಬರೀ ಪದ್ಧತಿಯಾಗಿರಲಿಲ್ಲ. ಗಂಡ ತೀರಿಕೊಂಡದ್ದು ದೇವದುರ್ಗದ ಕಡೆಯ ಹಳ್ಳಿಯಲ್ಲಿ, ಆಕೆಗಿನ್ನೂ ಮೂವತ್ತು ದಾಟದಿದ್ದಾಗ. ಮನೆಯಲ್ಲಿ ಬಿಡಿಗಾಸಿರಲಿಲ್ಲ. ತಮ್ಮ ಗಡಿಗೆಪ್ಪ ಓಡಾಡಿ ಊರ ಸಾಹುಕಾರನಿಂದ ಬಡ್ಡಿಗೆ ರೊಕ್ಕ ತಂದು ಮಣ್ಣು ಮಾಡಿಸಿದ. ತಿಥಿಯ ಊಟಕ್ಕೆ, ನಮ್ಮ ಕಡೆ ದಿನ ಎನ್ನುವುದಕ್ಕೆ, ಸಾಹುಕಾರನೇ ಮೊದಲ ಪಂಕ್ತಿಯಲ್ಲಿ ಬಂದು ಕೂತ, ಎರಡು ಸಲ ಗೋಧಿ ಹುಗ್ಗಿ ಹಾಕಿಸಿಕೊಂಡ, "ಹುಗ್ಗಿ ಛಲೋ ಆಗ್ಯಾದ" ಎಂದು ಬಡಿಸುತ್ತಿದ್ದವಳ ಮುಖ ನೋಡಿ ಹೇಳಿದ. ಬಡಿಸುತ್ತಿದ್ದವಳು ಶರಣಮ್ಮನೇ. ಆ ಹುಗ್ಗಿಯ ಸಾಲ ತೀರಿಸಲೆಂದೇ ಆಕೆ ಮಾನ್ವಿಗೆ ಬಂದು ಬಸ್ ಸ್ಟ್ಯಾಂಡಿನ ಹಿಂದೆ ರೊಟ್ಟಿ ಬಡಿಯಲು ಕೂತದ್ದು. ತೀರುವ ಹೊತ್ತಿಗೆ ಕೂಸಾಗಿದ್ದ ಮಗಳು ನಾಗರತ್ನಾ ಹೈಸ್ಕೂಲಿಗೆ ಹೋಗುತ್ತಿದ್ದಳು. ಅಂದೇ ಆಕೆ ಡಿಪಾಜಿಟ್ ಶುರು ಮಾಡಿದಳು. ತನ್ನ ಊಟಕ್ಕೆ ಸಾಲಗಾರ ಬಂದು ಕೂಡಬಾರದು. ಅಷ್ಟೇ ಆಕೆಯ ಆಸೆ.

ಈಗ ರಾಯಚೂರಿನ ಶಾಲೆಯೊಂದರಲ್ಲಿ ಗಣಿತ ಕಲಿಸುವ ನಾಗರತ್ನಾ ಒಂದು ಭಾನುವಾರ ಬಂದವಳು ಊಟ ಮುಗಿಸಿ, ಕೈ ತೊಳೆಯುವ ಮೊದಲೇ ವಿಷಯ ತೆಗೆದಳು.

"ಯವ್ವಾ, ಬ್ಯಾಂಕಿನವರು ನಿನಗ ವರ್ಷಕ್ಕ ನೂರಕ್ಕ ಏಳು ಕೊಡ್ತಾರ. ಫೈನಾನ್ಸಿನವರು ನಿನ್ನ ಕಡಿಂದ ಇಪ್ಪತ್ತೆರಡು ತಗೋತಾರ. ಮಣ್ಣಿನ ರೊಕ್ಕ ತೆಗೆದು ಸಾಲ ಮುಗಿಸಿಬಿಡು. ಆಮೇಲೆ ಅದೇ ಕಂತು ನಿನ್ನ ಖಾತೆಗೆ ಹಾಕ್ಕೋತ ಹೋಗು."

ಕಾನ್ವೆಂಟಿನಲ್ಲಿ ನಮಗೆ ಸರಳ ಬಡ್ಡಿ ಎಂಬ ಪಾಠವಿತ್ತು. ಸರಳವಾದ ಬಡ್ಡಿಯನ್ನು ಆ ಪುಸ್ತಕದ ಹೊರಗೆ ನಾನು ಎಲ್ಲೂ ಭೇಟಿಯಾಗಿಲ್ಲ. ನಾಗರತ್ನಾಳ ಲೆಕ್ಕ ಮಾತ್ರ ಸರಳವಾಗಿತ್ತು, ಸರಿಯಾಗಿಯೂ ಇತ್ತು. ಶರಣಮ್ಮನಿಗೂ ತಿಳಿಯಿತು. ತಿಳಿದ ಮೇಲೆ ಆಕೆ ಮಗಳನ್ನು ಕೇಳಿದ್ದು ಒಂದೇ ಮಾತು.

"ನಡುವ ಸತ್ತರ?"

ನಾಗರತ್ನಾ ನಾನಿಲ್ಲವೇ ಎಂದಳು. ಶರಣಮ್ಮ ತಟ್ಟೆ ಎತ್ತಿಕೊಂಡು ಒಳಗೆ ಹೋದಳು. ಗಂಡನ ಮನೆಯಲ್ಲಿರುವ ಮಗಳು ಅಳಿಯನ ಮುಂದೆ ಕೈಚಾಚಿ ತಾಯಿಯ ಮಣ್ಣು ಮಾಡುವ ಚಿತ್ರ ಆಕೆಗೆ ಸಾಹುಕಾರನ ಹುಗ್ಗಿಗಿಂತ ಬಹಳ ದೂರದ್ದೆನಿಸಲಿಲ್ಲ.

ಸುದ್ದಿ ಕೇಳಿ ಕವಿತಾಳದಿಂದ ಗಡಿಗೆಪ್ಪ ಮೊದಲ ಬಸ್ಸಿಗೇ ಬಂದ. ಅಕ್ಕನ ಮಣ್ಣಿಗೆ ಈತ ಸ್ವಯಂಘೋಷಿತ ಮ್ಯಾನೇಜರು. ಹೂವಿನ ವಿಮಾನ, ಎರಡು ಭಜನಾ ಮೇಳ, ಬ್ಯಾಂಡು, ದಿನದ ಊಟಕ್ಕೆ ಮುನ್ನೂರು ಮಂದಿ, ಎಲ್ಲವನ್ನೂ ತಲೆಯಲ್ಲಿ ಏರ್ಪಾಡು ಮಾಡಿ ಬೀಗರಿಗೆ ಬಾಯಲ್ಲೇ ಆಮಂತ್ರಣ ಕೊಟ್ಟಾಗಿತ್ತು. ತಡವಾಗುತ್ತಿದ್ದುದು ಶರಣಮ್ಮನ ಕಡೆಯಿಂದ ಮಾತ್ರ. ದೇವದುರ್ಗದ ಹೊಲದಲ್ಲಿ ಭಾವನ ಸಮಾಧಿಯ ಪಕ್ಕ ಅಕ್ಕನ ಜಾಗವನ್ನೂ ಕಲ್ಲು ಆರಿಸಿ, ಸುತ್ತ ಬದು ಹಾಕಿ ಹಸನು ಮಾಡಿಟ್ಟಿದ್ದ. ಮಣ್ಣಿನ ರೊಕ್ಕ ಮುರಿದವರಿಗೆ ಮಣ್ಣು ಸಿಗುವುದಿಲ್ಲ, ಮಂದಿ ಮುಖಕ್ಕೆ ಉಗುಳುತ್ತಾರೆ ಎಂದೆಲ್ಲ ಹೇಳಿದ. ಆಕೆಗೂ ಹೌದೆನಿಸಿತು. ಮಗಳಿಗೆ ಫೋನು ಮಾಡಿ ಬೇಡವೆಂದುಬಿಟ್ಟಳು.

ಆದರೆ ಬೇಡವೆಂದ ಮೇಲೆ ಆಕೆಗೆ ಸರಿಯಾಗಿ ಊಟ ಸೇರಲಿಲ್ಲ. ಖಾನಾವಳಿ ನಡೆಸುವವಳಿಗೆ ಊಟ ಸೇರದಿದ್ದರೆ ಉಣ್ಣುವ ನಮಗೆಲ್ಲ ಅದು ಪಲ್ಯದ ಉಪ್ಪಿನಲ್ಲಿ ಗೊತ್ತಾಗುತ್ತದೆ.

ಆ ವಾರ ಮಧ್ಯಾಹ್ನದ ಊಟಕ್ಕೆ ಬೂದೆಪ್ಪ ಬಂದ. ಮಾನ್ವಿಯಲ್ಲಿ ವಿಮಾನ ಕಟ್ಟುವವನು ಅವನೇ. ಸತ್ತವರನ್ನು ಕೂರಿಸಿಕೊಂಡು ಹೋಗುವ ಬಿದಿರಿನ ವಿಮಾನ. ಊರಲ್ಲಿ ಏರ್‌ಪೋರ್ಟ್ ಇಲ್ಲದಿದ್ದರೂ ಅವನಿಗೆ ಪುರುಸೊತ್ತಿಲ್ಲ. ಶರಣಮ್ಮ ರೊಟ್ಟಿ ಬಡಿಸುತ್ತಲೇ ತನ್ನ ವಿಮಾನಕ್ಕೆ ಎಷ್ಟಾದೀತೆಂದು ಕೇಳಿದಳು. ಅವನು ತುತ್ತು ನುಂಗಿ, ಆಕೆಯನ್ನು ಅಡಿಯಿಂದ ಮುಡಿಯವರೆಗೆ ಅಳತೆಯ ಕಣ್ಣಿನಿಂದ ನೋಡಿ, ಸೇವಂತಿಯದಾದರೆ ಇಷ್ಟು, ಚೆಂಡುಹೂವಿನದಾದರೆ ಇಷ್ಟು ಎಂದ. ಈ ರೇಟು ಎಷ್ಟು ದಿನ ನಿಲ್ಲುತ್ತದೆ ಎಂದಳು. ಬಿದಿರು ವರ್ಷಾವರ್ಷ ಏರುತ್ತಿದೆ, ಬ್ಯಾಂಡಿನವರು ಎರಡು ವರ್ಷದಲ್ಲಿ ಒಂದೂವರೆ ಪಟ್ಟು ಮಾಡಿದ್ದಾರೆ, ತಡ ಮಾಡಿದಷ್ಟೂ ನಿಮಗೇ ಲುಕ್ಸಾನು ಎಂದು ಅವನು ವ್ಯಾಪಾರದ ಪ್ರಾಮಾಣಿಕತೆಯಿಂದ ಹೇಳಿದ. ಆಮೇಲೆ ತಾನು ಹೇಳಿದ್ದು ತನಗೇ ಕೇಳಿಸಿ, ಮಜ್ಜಿಗೆಯನ್ನು ಒಂದೇ ಗುಟುಕಿಗೆ ಕುಡಿದು ಎದ್ದ.

ಅಂದರೆ ಡಿಪಾಜಿಟ್ಟಿನ ರೊಕ್ಕ ಮೆಲ್ಲಗೆ ಬೆಳೆಯುತ್ತಿತ್ತು, ಮಣ್ಣಿನ ಖರ್ಚು ಓಡುತ್ತಿತ್ತು, ಸಾಲದ ಬಡ್ಡಿ ಎರಡನ್ನೂ ದಾಟಿ ಮುಂದೆ ಹೋಗಿತ್ತು. ಅದು ಶರಣಮ್ಮನಿಗೆ ಕಾಣಿಸಿತು. ಹುಗ್ಗಿಯ ಪಂಕ್ತಿ ಮಾತ್ರ ಕಣ್ಣಿಂದ ಸರಿಯಲೊಲ್ಲದು.

ಸರಿಸಿದವಳು ಮುನವ್ವರ್ ಬೀ. ಶರಣಮ್ಮನ ಎದುರು ಕೂತು ಹದಿನೈದು ವರ್ಷದಿಂದ ಜೋಳದ ಹಿಟ್ಟು ನಾದಿಕೊಡುವವಳು. ಸಾವಿನ ಮನೆಯಲ್ಲಿ ಒಲೆ ಹಚ್ಚುವುದಿಲ್ಲ, ಅಕ್ಕಪಕ್ಕದವರು ಬುತ್ತಿ ಒಯ್ಯಬೇಕು. ಮಾನ್ವಿಯ ಆ ಓಣಿಗಳಲ್ಲಿ ಯಾರು ಹೋದರೂ, ಯಾವ ಜಾತಿಯವರು ಹೋದರೂ, ಮೊದಲ ಬುತ್ತಿ ಶರಣಮ್ಮನ ಒಲೆಯಿಂದಲೇ ಹೋಗುತ್ತಿತ್ತು. ಅದಕ್ಕೆ ಆಕೆ ರೊಕ್ಕ ಹಿಡಿದದ್ದಿಲ್ಲ. ಅವತ್ತೂ ಅಂಥದೊಂದು ಬುತ್ತಿ ಕಟ್ಟುತ್ತ, ನಾನು ಸತ್ತರೆ ಮುನ್ನೂರು ಮಂದಿಗೆ ಎಲ್ಲಿಂದ ತಂದು ಹಾಕುವುದೆಂದು ಆಕೆ ತನಗೆ ತಾನೇ ಹೇಳಿಕೊಂಡದ್ದು ಮುನವ್ವರ್ ಬೀಯ ಕಿವಿಗೆ ಬಿತ್ತು.

"ಅಕ್ಕಾ, ನನ್ನ ಗಂಡ ಹೋದಾಗ ಮೂರು ದಿನ ನನ್ನ ಮಕ್ಕಳು ನಿನ್ನ ರೊಟ್ಟಿ ತಿಂದಾವ," ಎಂದಳು. "ನಿನ್ನ ದಿನಕ್ಕ ನಾ ಏನು ಬರಿಗೈಲೆ ಬರ್ತೀನೇನು? ಈ ಊರು ಬರ್ತದೇನು?"

"ಅದು ನಾ ಸಾಲ ಕೊಟ್ಟಿದ್ದಲ್ಲ ಬೇ."

"ಸಾಲ ಆಗಿದ್ರ ಯಾವಾಗೋ ತೀರಿಸಿ ಮರೀತಿದ್ದಿವಿ."

ಶರಣಮ್ಮ ಬಿಗಿಯುತ್ತಿದ್ದ ಬುತ್ತಿಯ ಗಂಟು ಬಿಚ್ಚಿ ಇನ್ನೆರಡು ರೊಟ್ಟಿ ಇಟ್ಟಳು. ಬ್ಯಾಂಕಿನಲ್ಲಿರುವುದಷ್ಟೇ ತನ್ನ ಗಂಟು ಎಂದು ಆಕೆ ಇಷ್ಟು ವರ್ಷ ತಿಳಿದಿದ್ದಳು. ಊರಿನ ಅಷ್ಟೂ ಒಲೆಗಳ ಹತ್ತಿರ ಇನ್ನೊಂದು ಬೆಳೆದದ್ದು ಲೆಕ್ಕಕ್ಕೇ ಬಂದಿರಲಿಲ್ಲ. ಆ ಸಂಜೆಯ ಪಲ್ಯದಲ್ಲಿ ಉಪ್ಪು ಸರಿಯಿತ್ತು.

ಮರುದಿನ ಆಕೆ ತಮ್ಮನನ್ನು ಕರೆಸಿದಳು. ವಿಮಾನ ಚೆಂಡುಹೂವಿನದು, ಒಂದೇ ಭಜನಾ ಮೇಳ, ಬ್ಯಾಂಡು ಬೇಡ, ರೊಟ್ಟಿ ಊರಿಂದ ಬರುತ್ತದೆ, ಹುಗ್ಗಿಗೆ ಮಾತ್ರ ನಮ್ಮ ರೊಕ್ಕ ಎಂದು ತನ್ನ ಮಣ್ಣನ್ನು ತಾನೇ ಚೌಕಾಶಿ ಮಾಡಿ ಇಳಿಸಿದಳು. ಇಷ್ಟಕ್ಕೆ ಬೇಕಾದದ್ದನ್ನು ಬ್ಯಾಂಕಿನಲ್ಲೇ ಬಿಟ್ಟು, ಉಳಿದದ್ದರಲ್ಲಿ ಸಾಲ ಮುಗಿಸುವುದು. ಗಡಿಗೆಪ್ಪ ಬ್ಯಾಂಡಿಗಾಗಿ ಕಡೆಯವರೆಗೂ ಹೋರಾಡಿದ. ಮರ್ಯಾದೆ ಎಂದ, ಬೀಗರು ಎಂದ. ಶರಣಮ್ಮ ಎಲ್ಲ ಕೇಳಿ, ಧ್ವನಿ ಏರಿಸದೆ ಹೇಳಿದಳು:

"ಸಾಲ ಇಟ್ಕೊಂಡು ನಾ ಸತ್ತರ, ಮೊದಲ ಪಂಕ್ತಿಗೆ ಮತ್ತ ಸಾಹುಕಾರ ಬಂದು ಕುಂದುರ್ತಾನಲೇ ಗಡಿಗೆಪ್ಪ. ಈ ಸಲ ಮೆಸೇಜ್ ಮಾಡಿ ಬರ್ತಾನ, ಅಷ್ಟ ಫರಕು."

ಅವತ್ತು ಸಾಹುಕಾರನ ಮನೆ ಬಾಗಿಲಿಗೆ ಹೋಗಿ ನಿಂತವನು ಗಡಿಗೆಪ್ಪನೇ. ಎರಡನೇ ಸಲ ಹುಗ್ಗಿ ಹಾಕಿಸಿಕೊಳ್ಳುವಾಗ ಸಾಹುಕಾರನ ಪಕ್ಕದಲ್ಲಿ ಕೂತಿದ್ದವನೂ ಅವನೇ. ಬ್ಯಾಂಡು ಬಾರಿಸಿ ಮುಚ್ಚಬೇಕೆಂದಿದ್ದ ಸಪ್ಪಳ ಸಾಹುಕಾರನ ಆ ಹುಗ್ಗಿಯ ಮಾತೊಂದೇ ಇತ್ತೋ ಏನೋ. ಹೆಗಲ ಮೇಲಿನ ಟವೆಲ್ಲಿನಿಂದ ಮುಖ ಒರೆಸಿಕೊಂಡು, "ಯಾವತ್ತು ಹೋಗೋದು ರಾಯಚೂರಿಗೆ?" ಎಂದ.

ಫೈನಾನ್ಸ್ ಆಫೀಸು ಮೂರನೇ ಮಹಡಿಯಲ್ಲಿತ್ತು, ಲಿಫ್ಟಿರಲಿಲ್ಲ. ಸಾಲ ತೆಗೆದ ದಿನ ಶರಣಮ್ಮ ಕೆಳಗೆ ಆಟೋದಲ್ಲೇ ಕೂತಿದ್ದಳು, ಅವರೇ ಇಳಿದು ಬಂದು ಸಹಿ ಹಾಕಿಸಿಕೊಂಡು ಹೋಗಿದ್ದರು. ಕೊಡುವಾಗ ಕಂಪನಿ ಎಷ್ಟು ಬೇಕಾದರೂ ಇಳಿಯುತ್ತದೆ, ತೀರಿಸುವಾಗ ನಾವೇ ಏರಬೇಕು. ಈ ಸಲವೂ ನಾಗರತ್ನಾ ನೀನು ಕೂತಿರು, ನಾನು ವಿಚಾರಿಸಿ ಬರುತ್ತೇನೆ ಎಂದಳು. ಶರಣಮ್ಮ ಅಷ್ಟರಲ್ಲಿ ಮೊದಲ ಮೆಟ್ಟಿಲ ಮೇಲಿದ್ದಳು. ಕಂತಿನ ಕಾಲು ಮುಂದೆ, ಸ್ವಂತದ್ದು ಹಿಂದೆ. ಗಡಿಗೆಪ್ಪ ಎರಡನೇ ಮಹಡಿಯಲ್ಲಿ ಏದುಸಿರು ಬಿಡುತ್ತ ಕಟಾಂಜನ ಹಿಡಿದು ನಿಂತ. ಆಕೆ ನಿಲ್ಲಲಿಲ್ಲ.

ಒಳಗೆ ಅಂಬರೀಶ ಎಂಬ ನಗುಮೊಗದ ಹುಡುಗ ಮೇಜಿನ ಹಿಂದಿದ್ದ. ಸಾಲ ಮುಗಿಸಲು ಬಂದವರನ್ನು ಕಂಡು ಅವನಿಗೆ ಮನೆ ಬಿಟ್ಟು ಹೊರಟ ನೆಂಟರನ್ನು ಕಂಡಂತಾಯಿತು. ಯಾಕ್ರೀ ಇಷ್ಟು ಅವಸರ ಎಂದ. ಮುಂಚೆ ಮುಗಿಸಿದರೆ ಬೀಳುವ ಚಾರ್ಜು ತಿಳಿಸಿದ. ನಾಗರತ್ನಾ ಅದನ್ನು ಮೊದಲೇ ಲೆಕ್ಕಕ್ಕೆ ಹಿಡಿದಿದ್ದಳು, ಆದರೂ ಲಾಭವೇ. ಕೊನೆಗೆ ಅವನು ಪ್ರೀತಿಯಿಂದಲೇ ಹೇಳಿದ:

"ಅಮ್ಮಾ, ನೀವು ಒಂದು ಕಂತೂ ತಪ್ಪಿಸಿಲ್ಲ. ಹೂಂ ಅನ್ರಿ, ಇನ್ನೂ ಎರಡು ಲಕ್ಷ ಇವತ್ತ ಮಂಜೂರು ಮಾಡಿಸ್ತೀನಿ. ಆ ಇನ್ನೊಂದು ಮೊಣಕಾಲಿಗೆ ಬರ್ತದ."

"ಅದು ನಂದ ಅದ ತಮ್ಮಾ," ಎಂದಳು ಶರಣಮ್ಮ. "ಈಗ ಇದೂ ನಂದು ಮಾಡಿಕೊಡು."

ಬಾಕಿ ಏನೂ ಇಲ್ಲವೆಂಬ ಪತ್ರ ಪ್ರಿಂಟರಿನಿಂದ ಬೆಚ್ಚಗೆ ಹೊರಬಂತು. ಆಕೆ ಅದನ್ನು ಆಗಷ್ಟೇ ಹೆಂಚಿನಿಂದ ಇಳಿಸಿದ ರೊಟ್ಟಿಯಂತೆ ಎರಡು ಬೆರಳಿನಲ್ಲಿ ಹಿಡಿದುಕೊಂಡು, ಇಳಿಯುವಾಗ ಕಟಾಂಜನ ಮುಟ್ಟದೆ ಇಳಿದಳು.

ಅಮಾವಾಸ್ಯೆಗೆ ಅಕ್ಕ ತಮ್ಮ ದೇವದುರ್ಗದ ಹೊಲಕ್ಕೆ ಹೋದರು. ಬದುವಿನ ಮೇಲೆ ಆಕೆ ನಡೆದುಕೊಂಡೇ ಹೋದಳು, ಗಂಡನ ಸಮಾಧಿಗೆ ಎಡೆ ಇಟ್ಟಳು, ನಿಂತೇ ಕೈಮುಗಿದಳು. ನೆಲಕ್ಕೆ ಚಕ್ಕಳಮಕ್ಕಳ ಹಾಕಿ ಕೂಡಲೇಬಾರದೆಂದು ಡಾಕ್ಟರ ಕಟ್ಟಪ್ಪಣೆ ಇತ್ತು. ನಮ್ಮಲ್ಲಿ ಸತ್ತವರನ್ನು ಹಾಗೆ ಕೂರಿಸಿಯೇ ಮಣ್ಣು ಮಾಡುವುದು. ಕೊನೆಗೊಮ್ಮೆ ಕೂಡಬಹುದೇ ಎಂದು ಆಸ್ಪತ್ರೆಯಲ್ಲಿ ಆಕೆ ಕೇಳಿದ್ದಳಂತೆ. ಏನೆಂದು ತಿಳಿಯದ ಡಾಕ್ಟರು, ಯಾವತ್ತೂ ಬೇಡಮ್ಮಾ ಎಂದಿದ್ದರಂತೆ. ವೈದ್ಯರ ಮಾತು ಮೀರುವ ಅವಸರ ಆಕೆಗೀಗ ಇರಲಿಲ್ಲ.

ಪಕ್ಕದಲ್ಲಿ ಆಕೆಗೆಂದು ಹಸನು ಮಾಡಿದ್ದ ಜಾಗ ಖಾಲಿ ಬಿದ್ದಿತ್ತು. ಕಪ್ಪು ಎರೆ ಮಣ್ಣಿನ ನಡುವೆ ಅದೊಂದೇ ತುಣುಕು ಸಡಿಲವಾದ ಕೆಂಪು ಮಸಾರಿ ಮಣ್ಣು. ಶರಣಮ್ಮ ಉಕ್ಕಿನ ಕಾಲಿನಿಂದ ಹೆಂಟೆಯೊಂದನ್ನು ಒತ್ತಿದಳು, ಅದು ಮೆತ್ತಗೆ ಒಡೆಯಿತು.

"ಇಷ್ಟು ಛಲೋ ಜಾಗ ಯಾಕ ಬೀಳು ಬಿಟ್ಟೀದಿ?" ಎಂದಳು. "ಶೇಂಗಾ ಹಾಕು. ಚಟ್ನಿಗೆ ಬರ್ತದ."

ಗಡಿಗೆಪ್ಪ ಹಾಕಿದ, ಬೆಳೆಯೂ ಬಂತು. ಈಗಲೂ ಐದನೇ ತಾರೀಖಿಗೆ ಗೂಟದ ಮೇಲಿನ ಚೀಲ ಟುಣ್ ಎನ್ನುತ್ತದೆ. ಅದೇ ಕಂತು, ಆದರೆ ಈಗ ಆಕೆಯ ಖಾತೆಗೆ ಬಂದು ಬೀಳುತ್ತದೆ. ಮೂರು ವರ್ಷ ಸಾಲಕ್ಕೆ ಹೋಗಬೇಕಿದ್ದದ್ದು ಎರಡು ವರ್ಷ ಚಿಲ್ಲರೆಯಲ್ಲಿ ಮಣ್ಣಿನ ರೊಕ್ಕವನ್ನು ಮೊದಲಿನಷ್ಟೇ ಮಾಡುತ್ತದೆ. ಉಳಿದ ದುಡ್ಡಿಗೆ ಬ್ಯಾಂಡು ಹಚ್ಚಿಸಬಹುದೆಂಬ ಆಸೆಯನ್ನು ಗಡಿಗೆಪ್ಪ ಇನ್ನೂ ಪೂರ್ತಿ ಬಿಟ್ಟಿಲ್ಲ.

"ಬಂತು, ಈ ತಿಂಗಳದೂ ಬಂತು" ಎನ್ನುತ್ತಾಳೆ ಶರಣಮ್ಮ, ರೊಟ್ಟಿ ಬಡಿಯುತ್ತ. ನಾವು ಹಳಬರು, ಇನ್ನಷ್ಟು ಚಟ್ನಿ ಕೇಳುತ್ತೇವೆ. ಎಲ್ಲಿಯ ಶೇಂಗಾ ಎಂದು ಹೊಸಬರಿಗೆ ಹೇಳುವುದಿಲ್ಲ. ರುಚಿ ಮಾತ್ರ ಭಾಳ ಅದ.