ದೀಪ ಹಚ್ಚಿದ ಮೇಲೆ ಉಪ್ಪು

ಎಂಬತ್ತರ ದಶಕದಲ್ಲಿ ಮುಂಬಯಿಯ ವಿಕ್ರೋಳಿಯ ಒಂದು ಕಾರ್ಖಾನೆಯಲ್ಲಿ ಉಪ್ಪು ಕರಗಿಸುವುದು ನನ್ನ ಕೆಲಸವಾಗಿತ್ತು. ಊಟದ ಉಪ್ಪಲ್ಲ, ನೋಡಲು ಹಾಗೇ ಇರುವ ಸೋಡಿಯಂ ನೈಟ್ರೇಟ್. ಕಾದು ನೀರಾದ ಅದರಲ್ಲಿ ಉಕ್ಕಿನ ಬಿಡಿಭಾಗಗಳನ್ನು ಅದ್ದಿ ಹದ ಮಾಡುತ್ತಿದ್ದೆವು. ಎಣ್ಣೆ ಬಟ್ಟೆಯೋ ಇದ್ದಿಲೋ ತಾಕಿದರೆ ಭಗ್ಗನೆ ಹತ್ತಿಕೊಳ್ಳುತ್ತದೆ. "ಕೋಯ್ಲಾ ಪಾಸ್ ಮತ್ ಲಾನಾ", ಇದ್ದಿಲು ಹತ್ತಿರ ತರಬೇಡಿ ಎಂದು ಹೊಸಬರನ್ನು ಗದರುತ್ತಿದ್ದವನು ನಾನೇ. ಅಂಥ ಮಹಾ ಬುದ್ಧಿವಂತ, ಗುಲಾಬಿಗೆ ಒಳ್ಳೆಯ ಗೊಬ್ಬರವೆಂದು ಒಂದು ಡಬ್ಬ ತುಂಬಿಸಿ ತಂದು ಮುಲುಂಡಿನ ಮನೆಯ ಗ್ಯಾಲರಿಯಲ್ಲಿ ಹೂಕುಂಡಗಳ ಪಕ್ಕ ಇಟ್ಟೆ. ಚೀಟಿ ಅಂಟಿಸಲಿಲ್ಲ, ಯಾರಿಗೂ ಹೇಳಲಿಲ್ಲ.

ಮಗಳಿಗೆ ಆಗ ಮೂರು ತಿಂಗಳು. ಮೈಸೂರಿನಿಂದ ಬಂದಿದ್ದ ಅಮ್ಮ ದಿನಾ ಸಂಜೆ ಶೇಗಡಿಯಲ್ಲಿ ಇದ್ದಿಲ ಕೆಂಡ ಮಾಡಿ ಮಗುವಿಗೆ ಸಾಂಬ್ರಾಣಿ ಹೊಗೆ ಕೊಡುತ್ತಿದ್ದಳು. ಒಂದು ರಜೆಯ ದಿನ ಮಗು ಅಳು ನಿಲ್ಲಿಸಲೇ ಇಲ್ಲ. ದೃಷ್ಟಿಯಾಗಿದೆ, ಉಪ್ಪು ನಿವಾಳಿಸಿ ಕೆಂಡಕ್ಕೆ ಹಾಕಬೇಕು ಎಂದಳು ಅಮ್ಮ. ಅಡುಗೆಮನೆಯ ಜಾಡಿ ಖಾಲಿ. ಪಕ್ಕದ ಮನೆಯಲ್ಲಿ ಕೇಳಿ ತರುತ್ತೇನೆಂದು ನನ್ನ ಹೆಂಡತಿ ಎದ್ದಳು.

"ದೀಪ ಹಚ್ಚಿದ್ಮೇಲೆ ಉಪ್ಪು ಕೇಳ್ತಾರೇನೇ? ಅವರಾದ್ರೂ ಹೇಗೆ ಕೊಡ್ತಾರೆ?" ಎಂದು ಅಮ್ಮ ತಡೆದಳು.

ಹಾಳು ಶಾಸ್ತ್ರ ಎಂದುಕೊಂಡು ನಾನು ಪೇಪರಿನಿಂದ ತಲೆ ಎತ್ತಲಿಲ್ಲ. ಅಮ್ಮ ಗ್ಯಾಲರಿಗೆ ಹೋಗಿ ಬಂದದ್ದೂ ಗೊತ್ತಾಗಲಿಲ್ಲ. ಎಡಗೈಯಲ್ಲಿ ಮಗುವನ್ನು ಎತ್ತಿಕೊಂಡು, ಬಲಮುಷ್ಟಿಯಲ್ಲಿದ್ದ ಉಪ್ಪನ್ನು ಮೂರು ಸುತ್ತು ನಿವಾಳಿಸಿ ಶೇಗಡಿಗೆ ಹಾಕಿದಳು.

ಬುಸ್ ಎಂದು ಹಳದಿ ಉರಿ ಅವಳ ಮುಖದವರೆಗೆ ಎದ್ದಿತು. ಅಮ್ಮ ಗಕ್ಕನೆ ತಿರುಗಿ ಬೆಂಕಿಗೆ ಬೆನ್ನು ಕೊಟ್ಟಳು. ನಾನು ಪೇಪರ್ ಹಿಡಿದೇ ನಿಂತೆ. ಮಗುವನ್ನು ಕಿತ್ತುಕೊಂಡು ಓಡಿದವಳು ನನ್ನ ಹೆಂಡತಿ. ದೇವರು ದೊಡ್ಡವನು, ಮಗುವಿಗೆ ಒಂದು ಕಿಡಿಯೂ ತಾಗಿರಲಿಲ್ಲ. ಅಮ್ಮನ ಹುಬ್ಬು ಸುಟ್ಟಿತ್ತು, ಬಲಗೈಯಲ್ಲಿ ಬೊಬ್ಬೆ ಎದ್ದಿತ್ತು.

"ಎಂಥಾ ಕೆಟ್ಟ ಕಣ್ಣೋ ಅದು. ಬೆಳಿಗ್ಗೆ ಪಕ್ಕದ್ಮನೆಯೋಳು ಎತ್ತಾಡಿಸ್ತಿದ್ಲಲ್ಲ, ಅವಳದೇ" ಎಂದಳು ಅಮ್ಮ.

ಆಗ ಗ್ಯಾಲರಿಯ ಡಬ್ಬದ ಮುಚ್ಚಳ ತೆರೆದಿರುವುದು ಕಂಡಿತು. ಸುಮ್ಮನಿದ್ದರೆ ಪಾಪ ಆ ಹೆಂಗಸಿನ ತಲೆಗೆ ಕಟ್ಟಿ ಪಾರಾಗಬಹುದಿತ್ತು.

"ಅವರ ಕಣ್ಣಲ್ಲಮ್ಮ. ಅದು ನಾನು ತಂದಿಟ್ಟ ಫ್ಯಾಕ್ಟರಿ ಉಪ್ಪು. ಕೆಂಡಕ್ಕೆ ಬಿದ್ರೆ ಭಗ್ ಅಂತ ಹತ್ಕೊಳ್ಳುತ್ತೆ. ತಪ್ಪು ನಂದು."

ಬೈದು ಜಾಡಿಸುತ್ತಾಳೆ ಎಂದು ಕಾದೆ. ಅಮ್ಮ ತನ್ನ ಕೈಯನ್ನೇ ನೋಡುತ್ತ ಕೂತಳು. "ಮಗು ನನ್ನ ಕಂಕುಳಲ್ಲೇ ಇತ್ತಲ್ಲೋ" ಎಂದಳು.

ಕೈ ವಾಸಿಯಾಯಿತು. ಆದರೆ ಆರು ಮಕ್ಕಳನ್ನು ಹೆತ್ತು ಸಾಕಿದ ಅಮ್ಮ, ಆಮೇಲೆ ಮಗು ಎಷ್ಟೇ ಅತ್ತರೂ ತೊಟ್ಟಿಲ ಪಕ್ಕ ನಿಂತು, ಸೊಸೆಯನ್ನು ಕೇಳುತ್ತಿದ್ದಳು: "ನಾನು ಎತ್ಕೊಳ್ಳಲೇನೇ?"