ಅತ್ತೆ ಹೊಲಿದ ಹೊಲದ ಅಂಗಿ

ಹುಮನಾಬಾದ್ ಬಸ್ ನಿಲ್ದಾಣದ ಎದುರಿನ ಅಂಗಡಿಗಳಲ್ಲಿ ಹೊಲಕ್ಕೆ ಹೋಗುವ ಹೆಂಗಸರ ಅಂಗಿಗಳು ಸಾಲಾಗಿ ತೂಗುತ್ತವೆ. ಕಾಲರ್ ಇಲ್ಲ, ಪಕ್ಕಕ್ಕೆ ಎರಡು ಸೀಳು, ಒಳಗೊಂದು ಜೇಬು. ಇದನ್ನು ನಮ್ಮ ಕಡೆ ಮೊದಲು ಹೊಲಿದವಳು ಬಸವಕಲ್ಯಾಣದ ನನ್ನ ಸೋದರತ್ತೆ. ಹಾಗಂದರೆ ಅಂಗಡಿಯವ, "ಈ ಮಾಲು ಸೂರತ್ತಿಂದ ಬರ್ತದ. ನಿಮ್ಮತ್ತಿ ಏನ್ ಸೂರತ್ತಿನಾಗ ಇದ್ರೇನ್ರಿ ಅಕ್ಕಾ?" ಎಂದು ನಗುತ್ತಾನೆ. ಹೇಳುವುದನ್ನೇ ಬಿಟ್ಟಿದ್ದೇನೆ.

ನಾನು ಚಿಕ್ಕವಳಿದ್ದಾಗ ಹೆಂಗಸರು ತೊಗರಿ ಕೊಯ್ಯಲು ಸೀರೆಯ ಮೇಲೆ ಗಂಡನ ಹಳೇ ಅಂಗಿ ತೊಡುತ್ತಿದ್ದರು. ಎದೆಯ ಹತ್ತಿರ ಗುಂಡಿ ಕಿತ್ತುಬರುತ್ತಿತ್ತು, ಬಗ್ಗಿದರೆ ಸೊಂಟದಲ್ಲಿ ಬಿಗಿಯುತ್ತಿತ್ತು. ಅತ್ತೆ, ಮಾವನ ಅಂಗಿಯೊಂದರ ಹೊಲಿಗೆ ಬಿಚ್ಚಿ ನೋಡಿ, ಹೆಣ್ಣಿನ ಮೈಗೆ ಹೊಸದಾಗಿ ಕತ್ತರಿಸಿದಳು. ಜೇಬು ಎಲೆಅಡಿಕೆಗೆ. "ಗಂಡಸಾದಿ ಏನವ್ವ!" ಎಂದು ಓಣಿಯೇ ಚೇಷ್ಟೆ ಮಾಡಿತು. ಮುಂದಿನ ಸುಗ್ಗಿಗೆ ಅದೇ ಓಣಿ ಬಟ್ಟೆ ಹಿಡಿದು ಅವಳ ಬಾಗಿಲಲ್ಲಿ ಕೂತಿತ್ತು.

ಹಾಸಿಗೆ ಹಿಡಿದ ಮೇಲೆ ಅವಳು ಕೇಳಿದ್ದು ಒಂದೇ. "ಮಣ್ಣಿಗಿ ಒಯ್ಯೋ ಮುಂದ ನನಗ ನನ್ನ ಅಂಗೀನೇ ಹಾಕವ್ವ. ಮರೀಬ್ಯಾಡ."

"ಹಾಕ್ತೀನಿ ಅತ್ತಿ," ಎಂದೆ.

ಹೋದ ವರ್ಷ ತೊಗರಿ ಕೊಯ್ಲಿನ ದಿನಗಳಲ್ಲಿ ತೀರಿಕೊಂಡಳು. ಫೋನ್ ಬಂದಾಗ ರೊಟ್ಟಿ ಬಡಿಯುತ್ತಿದ್ದೆ. ಉಳಿದ ಹಿಟ್ಟನ್ನೂ ಬಡಿದು ಮುಗಿಸಿಯೇ ಬಸ್ ಹತ್ತಿದೆ. ಅಳು ಬರಲಿಲ್ಲ.

ಹೋಗುವಷ್ಟರಲ್ಲಿ ಮೈ ತೊಳೆದಾಗಿತ್ತು. ಪೆಟ್ಟಿಗೆಯಿಂದ ಅಂಗಿ ತಂದೆ. ಅತ್ತೆಯ ನೆಗೆಣ್ಣಿ, ಮಾವನ ತಮ್ಮನ ಹೆಂಡತಿ, ಸುದ್ದಿ ಕೇಳಿ ಹೊಲದಿಂದ ನೇರ ಓಡಿಬಂದವಳು, ಕೈ ಅಡ್ಡ ಹಿಡಿದಳು.

"ತಲಿಗಿಲಿ ಕೆಟ್ಟದೇನ? ಮುತ್ತೈದಿ ಹೆಣಕ್ಕ ಗಂಡಸರ ಅಂಗಿ ಹಾಕ್ತಾರ? ಮಂದಿ ಏನಂದಾರು!"

ಹಾಗೆಂದವಳ ಮೈಮೇಲೆ ಅತ್ತೆ ಹೊಲಿದ ಅಂಗಿಯೇ ಇತ್ತು. ಸುತ್ತ ನಿಂತ ನಾಲ್ಕೈದು ಹೆಂಗಸರ ಮೈಮೇಲೂ. ಅಷ್ಟು ಹೇಳಿದ್ದರೆ ಸಾಕಿತ್ತು. ಅಂಗಿಯನ್ನು ಮಡಚಿ ಕಂಕುಳಲ್ಲಿ ಇಟ್ಟುಕೊಂಡೆ. ಅವರ ಮೇಲೆ ಸಿಟ್ಟೂ ಬರಲಿಲ್ಲ, ನನ್ನ ಮೇಲೂ ಬರಲಿಲ್ಲ.

ಹಸಿರು ಸೀರೆ ಬಂತು, ಹೊಸ ಕುಪ್ಪಸ ಬಂತು. ಸೆಟೆದ ತೋಳುಗಳು ಕುಪ್ಪಸಕ್ಕೆ ಹೋಗಲಿಲ್ಲ. ಬೆನ್ನ ಕಡೆ ಸೀಳಿ ತೊಡಿಸಿದರು. ಯಾರೋ ಅತ್ತೆಯ ಕತ್ತರಿಯನ್ನೇ ತಂದುಕೊಟ್ಟಿದ್ದರು.

ಮಣ್ಣು ಮುಗಿಸಿ, ಸ್ನಾನವಾಗಿ, ಅಂಗಳದಲ್ಲಿ ಕೂತಿದ್ದೆವು. ಅಂಗಿ ಇನ್ನೂ ನನ್ನ ಮಡಿಲಲ್ಲೇ ಇತ್ತು. ನೆಗೆಣ್ಣಿ ಕಣ್ಣೊರೆಸಿಕೊಂಡು ಅದನ್ನು ನೋಡಿದಳು.

"ಅದು ಸುಮ್ಮ ಬಿದ್ದದಲ್ಲ, ನನಗರ ಕೊಡು. ನನ್ನದರ ಜೇಬು ಹರದದ. ಅಕ್ಕನ್ಹಂಗ ಇನ್ನ ಯಾರು ಹೊಲದಾರು?"

ಕೊಟ್ಟೆ. ಅಲ್ಲೇ ತೊಟ್ಟು ನೋಡಿದಳು. ಸರಿಯಾಗಿ ಕೂತಿತು.