ಎರಡು ಉಡಿಯ ಅಕ್ಕಿ

ಸತ್ತವರು ಬಂದು ಬಾಗಿಲು ತಟ್ಟಿದರು, ಕನಸಿನಲ್ಲಿ ಕಾಣಿಸಿಕೊಂಡು ಕಪಾಟಿನ ಕೀಲಿ ಎಲ್ಲಿದೆ ಎಂದು ಹೇಳಿದರು ಎನ್ನುವ ಮಂದಿಯನ್ನು ಕಂಡರೆ ನನಗೆ ಮೊದಲಿನಿಂದಲೂ ಅಷ್ಟಕ್ಕಷ್ಟೇ. ನಮ್ಮ ಬಳಗದಲ್ಲಿ ಯಾರಾದರೂ ಅಂಥ ಕಥೆ ತೆಗೆದರೆ ನಾನು ಎದ್ದು ಹೋಗಿ ಚಹಾಕ್ಕೆ ಇಡುತ್ತಿದ್ದೆ. ಲಂಡನ್ನಿನ ಪಾರ್ಕ್ ರಾಯಲ್‌ನ ಒಂದು ಉಪ್ಪಿನಕಾಯಿ ಕಾರ್ಖಾನೆಯಲ್ಲಿ ನನ್ನ ಕೆಲಸ. ಬಾಟಲಿಗೆ ಹೋಗುವ ಮುಂಚೆ ಹುಳಿ, ಉಪ್ಪು, ಎಣ್ಣೆ ಅಳೆದು ನೋಡುವವಳು ನಾನು. ಅಳತೆಗೆ ಸಿಗದ್ದನ್ನು ನಂಬಿ ಅಭ್ಯಾಸವಿಲ್ಲ. ಈಗ ನಾನೇ ಇಂಥದ್ದೊಂದನ್ನು ಬರೆಯಲು ಕೂತಿದ್ದೇನೆ. ಓದಿ ನೀವು ನಕ್ಕರೆ ತಪ್ಪಿಲ್ಲ. ನಿಮ್ಮ ಜಾಗದಲ್ಲಿದ್ದರೆ ನಾನೂ ನಗುತ್ತಿದ್ದೆ.

ನನ್ನ ಹೆಂಡತಿಯ ಹೆಸರು ಸುನೀತಾ. ಇಲ್ಲಿ ಕೆಲವರು ಓದುವುದನ್ನು ನಿಲ್ಲಿಸಿ ಹಿಂದಿನ ಸಾಲಿಗೆ ಹೋಗಿ ನೋಡುತ್ತಾರೆಂದು ನನಗೆ ಗೊತ್ತು. ಹೌದು, ನಾನೂ ಹೆಂಗಸೇ. ಅವಳು ಮೈಸೂರಿನವಳು, ನನಗಿಂತ ಎತ್ತರ, ಆಸ್ಪತ್ರೆಯೊಂದರಲ್ಲಿ ನರ್ಸ್. ನಾನು ಧಾರವಾಡದವಳು. ಕೌನ್ಸಿಲ್ ಆಫೀಸಿನಲ್ಲಿ ಮದುವೆಯಾಗಿ ಈಸ್ಟ್ ಹ್ಯಾಮ್‌ನ ಒಂದು ಫ್ಲಾಟಿನಲ್ಲಿ ಸಂಸಾರ ಹೂಡಿದ್ದೇವೆ. ನನ್ನ ಅವ್ವ ಹ್ಯಾರೋದಲ್ಲಿ ಅಣ್ಣ ಮತ್ತು ವೈನಿಯ ಮನೆಯಲ್ಲಿದ್ದಾಳೆ. ಮದುವೆಯ ದಿನ ಅವಳಿಗೆ ಮೊಣಕಾಲು ನೋವು ಬಂತು. ಅದರ ಮರುದಿನ ಅದೇ ಕಾಲಿನಲ್ಲಿ ನಡೆದು ಗುಡಿಗೆ ಹೋಗಿ ಬಂದಳು. ಸುನೀತಾಳನ್ನು ಅವ್ವ ಇವತ್ತಿಗೂ ಹೆಸರು ಹಿಡಿದು ಕರೆಯುವುದಿಲ್ಲ. "ನಿನ್ನ ಗೆಳತಿ" ಎನ್ನುತ್ತಾಳೆ. ಇನ್ನು ಸುನೀತಾಳ ತಾಯಿ ಮೈಸೂರಿನಲ್ಲಿ ಇಂಗ್ಲಿಷ್ ಟೀಚರ್ ಆಗಿದ್ದವರು. ಮಗಳು ತನ್ನ ವಿಷಯ ಬಾಯಿಬಿಟ್ಟು ಹೇಳುವ ಮುಂಚೆಯೇ ತೀರಿಕೊಂಡರು. ಅವರನ್ನು ನಾನು ಫೋಟೋದಲ್ಲಿ ಮಾತ್ರ ನೋಡಿದ್ದೇನೆ.

ಕೆಲವು ವರ್ಷಗಳ ಹಿಂದಿನ ಮಾತು. ಇಬ್ಬರಿಗೂ ಒಟ್ಟಿಗೆ ರಜೆ ಸಿಕ್ಕಿತ್ತು. ಅಮೆರಿಕಕ್ಕೆ ಹೋಗೋಣ ಎಂದುಕೊಂಡೆವು. ಉಳಿದ ಗಂಡ ಹೆಂಡಿರು ಟಿಕೆಟ್ ತೆಗೆಸಿ ಹೊರಟುಬಿಡುತ್ತಾರೆ. ನಮ್ಮಂಥವರು ಮೊದಲು ಯಾವ ಊರಿನಲ್ಲಿ ಕೈ ಹಿಡಿದು ನಡೆಯಬಹುದು, ಯಾವ ರಾಜ್ಯದ ಕಾನೂನು ಹೇಗಿದೆ, ಒಬ್ಬಳು ಕಾಲು ಮುರಿದುಕೊಂಡರೆ ಆಸ್ಪತ್ರೆಯವರು ಇನ್ನೊಬ್ಬಳನ್ನು ಒಳಗೆ ಬಿಡುತ್ತಾರೋ ಇಲ್ಲವೋ ಎಂದು ನೋಡಬೇಕು. ಇಂಟರ್ನೆಟ್ಟಿನಲ್ಲಿ ಅಂಥ ಊರುಗಳ ಪಟ್ಟಿಗಳಿಗೇನೂ ಬರವಿಲ್ಲ. ಸ್ಯಾನ್ ಫ್ರಾನ್ಸಿಸ್ಕೊ ಅಂತೆ, ಮರುಭೂಮಿಯ ನಡುವಿನ ಪಾಮ್ ಸ್ಪ್ರಿಂಗ್ಸ್ ಅಂತೆ. ಎಲ್ಲದರಲ್ಲೂ ಕಾಮನಬಿಲ್ಲಿನ ಬಾವುಟ, ಬಾವುಟದ ಕೆಳಗೆ ಈಜುಕೊಳ, ಕೊಳದ ಪಕ್ಕ ಮೈ ಕಾಯಿಸುವ ಬಿಳಿ ಗಂಡಸರು. ನಮ್ಮಂಥ ಇಬ್ಬರು ಕಂದುಬಣ್ಣದ ಹೆಂಗಸರ ಚಿತ್ರ ಹುಡುಕಿ ಹುಡುಕಿ ಕಣ್ಣು ಸೋತುಹೋದವು. ಸ್ವಾಗತ ಎಂದು ಬರೆದಿದ್ದಾರೆ, ಯಾರಿಗೆ ಎಂದು ಬರೆದಿಲ್ಲ.

ಕೊನೆಗೆ ಸುನೀತಾ ಪ್ರಾವಿನ್ಸ್‌ಟೌನ್ ಎಂಬ ಊರನ್ನು ಹಿಡಿದಳು. ಬಾಸ್ಟನ್‌ನಿಂದ ಆಚೆ, ನೆಲ ಮುಗಿದು ಸಮುದ್ರ ಸುರುವಾಗುವ ತುದಿಯಲ್ಲಿರುವ ಸಣ್ಣ ಊರು. ಅಲ್ಲಿ ವಯಸ್ಸಾದ ಹೆಂಗಸೊಬ್ಬಳು ನಡೆಸುವ ಒಂದು ತಂಗುಮನೆ. ಕೋಣೆ ಕಾದಿರಿಸಿದವಳು ನಾನು, ನನ್ನದೇ ಫೋನಿನಿಂದ. ಅಣ್ಣನಿಗೆ "ಬಾಸ್ಟನ್ ಕಡೆ" ಎಂದಷ್ಟೇ ಹೇಳಿದ್ದೆ. ಮನೆಯ ಹೆಸರಿರಲಿ, ಊರಿನ ಹೆಸರೂ ನಮ್ಮಿಬ್ಬರನ್ನು ಬಿಟ್ಟು ಯಾರಿಗೂ ಗೊತ್ತಿರಲಿಲ್ಲ. ಇದನ್ನು ನೀವು ನೆನಪಿನಲ್ಲಿಡಬೇಕು.

ಅವ್ವನಂತೂ ಕೇಳಲೇ ಇಲ್ಲ. ಹೊರಟವರನ್ನು ಎಲ್ಲಿಗೆ ಎಂದು ಕೇಳಿದರೆ ಹೋದ ಕೆಲಸ ಆಗುವುದಿಲ್ಲ ಎನ್ನುವವಳು ಅವಳು. ಆ ಪದ್ಧತಿ ಅವಳಿಗೆ ಎಷ್ಟು ಅನುಕೂಲವಾಗಿದೆ ಎಂದರೆ, ನಾನು ಯಾರ ಜೊತೆ ಎಲ್ಲಿ ಬದುಕುತ್ತೇನೆ ಎಂಬುದನ್ನೂ ಅವಳು ಅದರ ಮರೆಯಲ್ಲೇ ಕೇಳದೆ ಉಳಿದಿದ್ದಾಳೆ. ಆದರೆ ಇನ್ನೊಂದು ಪದ್ಧತಿಯನ್ನು ಅವಳು ಬಿಟ್ಟವಳಲ್ಲ. ಮಗಳು ದೂರ ಹೊರಟರೆ ಉಡಿ ತುಂಬಿ ಕಳಿಸಬೇಕು. ಸೆರಗೊಡ್ಡಿ ಕೂತವಳ ಮಡಿಲಿಗೆ ಅಕ್ಕಿ, ಉತ್ತತ್ತಿ ಎನ್ನುವ ಒಣ ಖರ್ಜೂರ, ಅರಿಷಿಣ ಕೊಂಬು, ಕೊಬ್ಬರಿ ಬಟ್ಟಲು ಹಾಕುವುದು. ಆ ಅಕ್ಕಿಯಿಂದ ನಾಲ್ಕು ಕಾಳು ತೆಗೆದು ಕೊಟ್ಟವರ ಮನೆಗೇ ಮರಳಿಸಬೇಕು. ತುಂಬಿದ ಮನೆ ಬರಿದಾಗಬಾರದಲ್ಲ.

ಹೊರಡುವ ವಾರ, ಭಾನುವಾರ ಮಧ್ಯಾಹ್ನ ಇಬ್ಬರೂ ಹ್ಯಾರೋಗೆ ಹೋದೆವು. ದಾರಿಯುದ್ದಕ್ಕೂ ಟ್ಯೂಬ್ ರೈಲಿನಲ್ಲಿ ನಾನು ಒಂದೇ ನಿರ್ಧಾರ ಮಾಡಿಕೊಂಡು ಕೂತಿದ್ದೆ. ತುಂಬಿದರೆ ಇಬ್ಬರ ಉಡಿಯನ್ನೂ ತುಂಬಬೇಕು, ಇಲ್ಲದಿದ್ದರೆ ನನ್ನದೂ ಬೇಡ. ನನಗೆ ಬೇಕಾಗಿದ್ದದ್ದು ಅದೊಂದೇ. ಅವ್ವ ಭಾಷಣ ಮಾಡಬೇಕಾಗಿರಲಿಲ್ಲ, ಒಪ್ಪಿದೆ ಎಂದು ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ. ಒಂದು ಹಿಡಿ ಅಕ್ಕಿ ಸಾಕಾಗಿತ್ತು.

ಅವ್ವ ಒಂದೇ ಮಣೆ ಹಾಕಿದಳು. ಸುನೀತಾಳಿಗೂ ಹಾಕು ಎಂದೆ.

"ಆಕೀದು ಆಕಿ ತಾಯಿ ತುಂಬಬೇಕವಾ," ಎಂದಳು ಅವ್ವ, ತಟ್ಟೆಯಿಂದ ತಲೆ ಎತ್ತದೆ.

"ಆಕಿ ತಾಯಿ ಇಲ್ಲವ್ವ. ನಿನಗ ಗೊತ್ತೈತಿ."

"ಹಂಗಾರ ಆಕಿ ಅತ್ತಿ ತುಂಬಬೇಕು."

"ಆಕಿ ಅತ್ತಿ ನೀನ ಅಲ್ಲೇನು?"

ಅವ್ವ ಕುಕ್ಕರ್ ಕೂಗದಿದ್ದರೂ ಎದ್ದು ಹೋಗಿ ಗ್ಯಾಸ್ ಆರಿಸಿದಳು. ಅಣ್ಣ ಟಿವಿಯ ಸದ್ದು ಹೆಚ್ಚು ಮಾಡಿದ. ನಾನು ಕೋಟು ಹಾಕಿಕೊಂಡೆ. ಸುನೀತಾ ನನ್ನ ತೋಳು ಹಿಡಿದು, "ಊಟ ಮಾಡ್ಕೊಂಡು ಹೋಗೋಣ ಕಣೇ, ಅಮ್ಮ ಬೆಳಗ್ಗೆಯಿಂದ ಅಡುಗೆ ಮಾಡಿದಾರೆ," ಎಂದಳು. ನನಗೆ ಹಸಿವಿಲ್ಲ ಎಂದೆ. ಖಾಲಿ ಉಡಿ, ಖಾಲಿ ಹೊಟ್ಟೆ ಎರಡನ್ನೂ ಹೊತ್ತುಕೊಂಡು ಈಸ್ಟ್ ಹ್ಯಾಮ್‌ಗೆ ವಾಪಸು ಬಂದೆವು.

ಇನ್ನು ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ. ಬುಧವಾರ ಸಂಜೆ ನಾನು ಒಗ್ಗರಣೆ ಹಾಕುತ್ತಿದ್ದೆ, ಸುನೀತಾ ಸೂಟ್‌ಕೇಸ್ ತುಂಬುತ್ತಿದ್ದಳು. ಫೋನ್ ಬಂತು, ಅಮೆರಿಕದ ನಂಬರು. ತಂಗುಮನೆಯ ಆ ಹೆಂಗಸು. ಕೋಣೆ ರದ್ದಾಯಿತೇನೋ ಎಂದುಕೊಂಡೆ. ಆಕೆ ಮೊದಲು ಕ್ಷಮೆ ಕೇಳಿದಳು. ಆಮೇಲೆ, ನಿಮ್ಮ ತಾಯಿ ಹೇಳಿದ ಸಾಮಾನುಗಳಲ್ಲಿ ಒಂದು ಅರ್ಥವಾಗುತ್ತಿಲ್ಲ, ತೆಂಗಿನಕಾಯಿ ಹಸಿರು ಸಿಪ್ಪೆಯದೋ ಕಂದು ಸಿಪ್ಪೆಯದೋ ಎಂದು ಕೇಳಿದಳು.

ಯಾವ ತಾಯಿ ಎಂದೆ. ಬೆಳಗ್ಗೆ ಫೋನ್ ಮಾಡಿದ್ದರಲ್ಲ, ಅವರು ಎಂದಳು. ವಯಸ್ಸಾದ ದನಿ, ನಿಧಾನದ, ಸ್ಪಷ್ಟವಾದ ಇಂಗ್ಲಿಷ್. ನಾನು ಹುಡುಗಿಯರ ತಾಯಿ ಎಂದರಂತೆ. ಯಾವ ಹುಡುಗಿಯ ತಾಯಿ ಎಂದು ಈಕೆ ಕೇಳಿದ್ದಕ್ಕೆ ಇಬ್ಬರದೂ ಎಂದರಂತೆ. ನಿಮ್ಮ ಊರಿನಲ್ಲಿ ಅವರನ್ನು ಯಾರಾದರೂ ಏನಾದರೂ ಅಂದಾರೇ ಎಂದು ಕೇಳಿದರಂತೆ. ಇಲ್ಲ, ಇಲ್ಲಿ ಯಾರೂ ಏನೂ ಅನ್ನುವುದಿಲ್ಲ ಎಂದು ಈಕೆ ಹೇಳಿದ ಮೇಲೆ, ಹಾಗಾದರೆ ನೀವು ಹಿರಿಯರು, ನನ್ನ ಪರವಾಗಿ ಅವರ ಮಡಿಲಿಗೆ ಅಕ್ಕಿ ಹಾಕಿ ಎಂದರಂತೆ. ಒಬ್ಬಳಿಗೆ ಅಕ್ಕಿಯ ಜೊತೆ ಒಣ ಖರ್ಜೂರ, ಅರಿಷಿಣ ಕೊಂಬು, ಒಣ ಕೊಬ್ಬರಿ. ಎತ್ತರದವಳಿಗೆ ಅಕ್ಕಿಯ ಜೊತೆ ಬೆಲ್ಲ, ಇಡೀ ತೆಂಗಿನಕಾಯಿ. ಎತ್ತರದವಳು ಕತ್ತಲೆಯಲ್ಲಿ ಮಲಗುವುದಿಲ್ಲ, ಬಚ್ಚಲಿನ ದೀಪ ಆರಿಸಬೇಡಿ. ಇನ್ನೊಬ್ಬಳು ಸಿಟ್ಟು ಬಂದರೆ ಹಸಿವಿಲ್ಲ ಎನ್ನುತ್ತಾಳೆ, ನಂಬಬೇಡಿ.

ಒಗ್ಗರಣೆ ಹೊತ್ತಿ ಕರಕಾಯಿತು. ಫೋನನ್ನು ಸ್ಪೀಕರಿಗೆ ಹಾಕಿ ಇನ್ನೊಮ್ಮೆ ಹೇಳಿಸಿದೆ. ಆಕೆ ಅದನ್ನೇ ಹೇಳಿದಳು. ಯಾವ ನಂಬರಿನಿಂದ ಕರೆ ಬಂತು ಎಂದು ಕೇಳಿದರೆ, ನನ್ನದು ಹಳೆಯ ಫೋನು, ಅದರಲ್ಲಿ ನಂಬರು ಕಾಣಿಸುವುದಿಲ್ಲ ಎಂದಳು. ನಾನು ಪ್ರಶ್ನೆ ಕೇಳುತ್ತಲೇ ಇದ್ದೆ. ಸುನೀತಾ ಹಾಸಿಗೆಯ ಮೇಲೆ ಕೂತು, "ಕಂದು ಸಿಪ್ಪೆಯದು ಅಂತ ಹೇಳು," ಎಂದಳು.

ಮೈಸೂರಿನ ಕಡೆ ಇದನ್ನೇ ಮಡಿಲಕ್ಕಿ ಎನ್ನುತ್ತಾರೆ ಎಂದು ಅವಳು ಹೇಳಿದ ಮೇಲೆಯೇ ನನಗೆ ತಿಳಿದದ್ದು. ಅವರ ಮನೆಯಲ್ಲಿ ಬೆಲ್ಲ, ಇಡೀ ತೆಂಗಿನಕಾಯಿ ಹಾಕುತ್ತಿದ್ದರಂತೆ. ಖರ್ಜೂರ, ಕೊಬ್ಬರಿ ಬಟ್ಟಲು ನಮ್ಮ ಕಡೆಯವು. ಸುನೀತಾಳ ಮನೆಯ ಪದ್ಧತಿ ಅವ್ವನಿಗೆ ಗೊತ್ತಿರಲು ಸಾಧ್ಯವಿಲ್ಲ. ನಮ್ಮ ಮನೆಯದು ಸುನೀತಾಳ ತಾಯಿಗೆ ಗೊತ್ತಿರಲು ಸಾಧ್ಯವಿಲ್ಲ. ಅವ್ವನಿಗೆ ಇಂಗ್ಲಿಷಿನಲ್ಲಿ ಥ್ಯಾಂಕ್ಯೂ, ಸಾರಿ ಬಿಟ್ಟರೆ ಮೂರನೆಯ ಮಾತು ಬರುವುದಿಲ್ಲ. ಇನ್ನೊಬ್ಬರು ಬದುಕಿಯೇ ಇಲ್ಲ.

ಮೊದಲು ನನಗೆ ಸಂಶಯ ಬಂದದ್ದು ಸುನೀತಾಳ ಮೇಲೆ. ನಾಚಿಕೆಗೇಡಿನ ಮಾತು, ಆದರೆ ಬಂತು. ಭಾನುವಾರ ಅವ್ವನ ತಟ್ಟೆಯಲ್ಲಿ ಏನೇನಿತ್ತು ಎಂದು ಅವಳು ನೋಡಿದ್ದಳು. ನನ್ನನ್ನು ಸಮಾಧಾನ ಮಾಡಲು ಯಾರಿಂದಲೋ ಫೋನ್ ಮಾಡಿಸಿರಬಹುದಲ್ಲ ಎಂದು ಕೇಳಿಯೇ ಬಿಟ್ಟೆ. ಅವಳು ಸೂಟ್‌ಕೇಸಿನ ಮುಚ್ಚಳ ಹಾಕಿ ಅದರ ಮೇಲೆ ಕೂತಳು.

"ನನ್ನಮ್ಮನ ಹೆಸರಲ್ಲಿ ನಾಟಕ ಆಡ್ತೀನಿ ಅಂದ್ಕೊಂಡಿದೀಯಾ? ಅಮ್ಮನಿಗೆ ನಾನು ಏನೂ ಹೇಳೋಕಾಗ್ಲಿಲ್ಲ. ಅದನ್ನ ಆಟ ಮಾಡ್ಕೋತೀನಾ ನಾನು?"

ಅವಳು ಅತ್ತದ್ದನ್ನು ನೋಡಿದ ಮೇಲೆ ಆ ಸಂಶಯ ಇಟ್ಟುಕೊಳ್ಳಲು ನನ್ನಿಂದಾಗಲಿಲ್ಲ. ಇಟ್ಟುಕೊಂಡಿದ್ದರೆ ಎಲ್ಲವೂ ಸುಲಭವಾಗುತ್ತಿತ್ತು.

ಹ್ಯಾರೋಗೆ ಫೋನ್ ಹಚ್ಚಿದೆ. ಅವ್ವ ಊಟ ಮಾಡುತ್ತಿದ್ದಳು. ಅಮೆರಿಕಕ್ಕೆ ಫೋನ್ ಮಾಡಿದ್ದೆಯಾ ಎಂದು ನೇರವಾಗಿ ಕೇಳಿದೆ.

"ಅಮೇರಿಕಾಕ್ಕ? ನಾನ? ನನಗ ಜಿಪಿ ಡಾಕ್ಟರಿಗೆ ಫೋನ್ ಮಾಡಾಕ ನಿಮ್ಮಣ್ಣ ಬೇಕು."

"ಯಾರ ಕಡೆಯಿಂದರ ಮಾಡಿಸಿದಿ ಏನು? ವೈನಿ ಕಡೆಯಿಂದ?"

"ಎಲ್ಲಿಗೆ ಹೊಂಟಿ ಅಂತ ನಾ ಕೇಳೇ ಇಲ್ಲಲ್ಲ. ಯಾವೂರಿಗೆ ಮಾಡಿಸಲಿ?"

ಅದು ನಿಜವಾಗಿತ್ತು. ನಾನು ದನಿ ಇಳಿಸಿ ಬೇಡಿಕೊಂಡೆ. ಮಾಡಿದ್ದರೆ ಮಾಡಿದೆ ಅನ್ನವ್ವ, ನಾ ಸಿಟ್ಟಾಗಂಗಿಲ್ಲ, ನನಗ ಖುಷಿ ಆಗ್ತೈತಿ ಎಂದೆ.

"ಮಾಡಲಾರದ್ದನ್ನ ಮಾಡೇನಿ ಅಂತ ಹೆಂಗ ಹೇಳಲಿ?" ಎಂದಳು ಅವ್ವ. ಫೋನ್ ಇಟ್ಟಳು.

ನಾವು ಹೋದೆವು. ಆ ಊರು ಪಟ್ಟಿಯಲ್ಲಿ ಹೇಳಿದಂತೆಯೇ ಇತ್ತು, ಅದನ್ನು ಒಪ್ಪಿಕೊಳ್ಳುತ್ತೇನೆ. ಬೀದಿಯಲ್ಲಿ ಕೈ ಹಿಡಿದು ನಡೆದರೆ ಯಾರೂ ತಿರುಗಿ ನೋಡಲಿಲ್ಲ. ಅಂಗಡಿಯವನು ನಿಮ್ಮ ಹೆಂಡತಿಗೆ ಏನು ಕೊಡಲಿ ಎಂದು ನನ್ನನ್ನು ಕೇಳಿದ. ಹ್ಯಾರೋದಲ್ಲಿ ಸಿಗದ ಮಾತು ಸಮುದ್ರದಾಚೆಯ ಮೀನಿನ ಅಂಗಡಿಯಲ್ಲಿ ಸಿಕ್ಕಿತಲ್ಲ ಎಂದು ನನಗೆ ಖುಷಿಯ ಬದಲು ಸಿಟ್ಟೇ ಬಂತು. ಸಂಜೆ ತಂಗುಮನೆಯ ಮುದುಕಿ ಎರಡು ಕಾಗದದ ಚೀಲ ತಂದಳು. ಒಂದರಲ್ಲಿ ಖರ್ಜೂರ, ಇನ್ನೊಂದರಲ್ಲಿ ಬೆಲ್ಲ ಸಿಗದೆ ಕಂದು ಸಕ್ಕರೆ. ನಾವು ದುಪಟ್ಟಾ ಒಡ್ಡಿ ಅಕ್ಕಪಕ್ಕ ಕೂತೆವು. ಆಕೆ ಅಕ್ಕಿಯನ್ನು ಅರ್ಧ ನಮ್ಮ ಮಡಿಲಿಗೂ ಅರ್ಧ ನೆಲಕ್ಕೂ ಸುರಿದಳು. ಸುನೀತಾ ಸುಮ್ಮನೆ ಕಣ್ಣೊರೆಸಿಕೊಂಡಳು. ಫೋನ್ ಮಾಡಿದ್ದು ತನ್ನ ಅಮ್ಮನೇ ಎಂದು ಅವಳಿಗೆ ಆಗಲೇ ಖಾತ್ರಿಯಾಗಿತ್ತು. ಬಚ್ಚಲಿನ ದೀಪ ರಾತ್ರಿಯೆಲ್ಲ ಉರಿಯಿತು.

ಮರಳಿಸಬೇಕಾದ ನಾಲ್ಕು ಕಾಳನ್ನು ನಾನು ಒಂದು ಸಣ್ಣ ಡಬ್ಬಿಯಲ್ಲಿ ಲಂಡನ್ನಿಗೆ ತಂದೆ. ಬಂದ ಮೇಲೆ ಒಬ್ಬಳೇ ಹ್ಯಾರೋಗೆ ಹೋಗಿ, ನಡೆದದ್ದನ್ನೆಲ್ಲ ಅವ್ವನಿಗೆ ಹೇಳಿ ಡಬ್ಬಿಯನ್ನು ಅವಳ ಮುಂದೆ ಇಟ್ಟೆ. ತಗೊಂಡರೆ ಸಾಕು, ನಾನು ಮತ್ತೇನೂ ಕೇಳುವುದಿಲ್ಲ ಎಂದೆ. ಅವ್ವ ಮುಚ್ಚಳ ತೆಗೆದಳು. ಬೆರಳಿನಿಂದ ಕಾಳುಗಳನ್ನು ಸರಿಸಿ ನೋಡಿದಳು. ಮತ್ತೆ ಮುಚ್ಚಳ ಹಾಕಿದಳು.

"ನಂದಲ್ಲದ ಅಕ್ಕಿ ನನ್ನ ಮನ್ಯಾಗ ಇಟ್ಟುಕೊಳ್ಳಾಕ ಬರಂಗಿಲ್ಲವಾ," ಎಂದಳು. ಹೊರಟಾಗ ಮಾತ್ರ ಬಾಗಿಲ ತನಕ ಬಂದು, "ಆಕಿಗೆ ಬೆಲ್ಲ ಸಿಗಲಿಲ್ಲ ಅಂದ್ಯಲ್ಲ," ಎಂದಳು. ಹೌದು ಎಂದೆ. ಮುಂದೇನಾದರೂ ಹೇಳುತ್ತಾಳೆಂದು ಕಾದೆ. ಒಳಗೆ ಹೋದಳು.

ಆ ಡಬ್ಬಿ ಈಗಲೂ ಈಸ್ಟ್ ಹ್ಯಾಮ್‌ನ ನಮ್ಮ ಅಡುಗೆಮನೆಯಲ್ಲಿದೆ. ಬೇಯಿಸಿ ಉಣ್ಣುವಂತಿಲ್ಲ, ಚೆಲ್ಲುವಂತಿಲ್ಲ, ಕೊಟ್ಟವರ ಮನೆಗೆ ಮರಳಿಸೋಣವೆಂದರೆ ಕೊಟ್ಟವರು ಯಾರೆಂದು ಗೊತ್ತಿಲ್ಲ. ತಂಗುಮನೆಯ ಹೆಂಗಸು ಸುಳ್ಳು ಹೇಳಿದಳೆಂದುಕೊಳ್ಳಲು ನೋಡಿದ್ದೇನೆ, ಆದರೆ ಉತ್ತತ್ತಿಯ ವಿಷಯ ಆಕೆಗೆ ಹೇಗೆ ಹೊಳೆಯಬೇಕು? ಸುನೀತಾಳ ತಾಯಿಯ ಫೋಟೋಕ್ಕೆ ಈಗ ನಾನೂ ಹೂ ಹಾಕುತ್ತೇನೆ. ದೆವ್ವ ಭೂತ ನಂಬದ ನಾನು, ಸತ್ತ ಹೆಂಗಸೊಬ್ಬಳು ಫೋನ್ ಮಾಡಿದಳು ಎನ್ನುವುದನ್ನು ಹೇಗೋ ಕಷ್ಟಪಟ್ಟು ನಂಬಬಲ್ಲೆ. ಬದುಕಿರುವ ನನ್ನ ಅವ್ವ ಮಾಡಿದಳು ಎಂದು ನಂಬಲು ಮಾತ್ರ ನನ್ನಿಂದ ಇವತ್ತಿಗೂ ಆಗಿಲ್ಲ.